ಎಂಬತ್ತು ಗ್ರಾಂ ಪಾಸ್ತಾ

“ಪಾಸ್ತಾನಾ?”

ಮಗಳು ಸಾಸಿವೆ ಕಿರುಚಿದ ರಭಸಕ್ಕೆ ಅಪ್ಪನ ಕೈಯಲ್ಲಿದ್ದ ಸೌಟು ಠಣ್ ಎಂದು ಸಿಂಕಿಗೆ ಬಿತ್ತು.

“ತೂಕ ಇಳಿಸೋಕೆ ಪಾಸ್ತಾನಾ? ಅಮ್ಮಾ, ನಿಮ್ಮ ಕೆಲಸದ ಕಡೆ ಇರೋ ನರ್ಸ್ ಆಂಟಿಗೆ ತಲೆ ಸರಿ ಇದೆಯಾ?”

“ಏಯ್, ದೊಡ್ಡವರಿಗೆ ಹಾಗೆಲ್ಲ ಅನ್ನಬಾರದು,” ಎಂದು ಅಮ್ಮ ಗದರಿದಳು. ಆದರೆ ಅವಳ ಮುಖದಲ್ಲೂ ಅದೇ ಪ್ರಶ್ನೆ ಇತ್ತು. ಕೈಯಲ್ಲಿದ್ದ ಚೀಟಿಯನ್ನು ತಿರುಗಿಸಿ ಮುರುಗಿಸಿ ನೋಡಿದಳು.

ಚೀಟಿಯಲ್ಲಿ ನೀಲಿ ಇಂಕಿನಲ್ಲಿ ಸ್ಪಷ್ಟವಾಗಿಯೇ ಬರೆದಿತ್ತು. ಮಧ್ಯಾಹ್ನ, ಸಂಜೆ ಎರಡು ಹೊತ್ತೂ: ಪಾಸ್ತಾ 80 ಗ್ರಾಂ, ಕಾಳು 50 ಗ್ರಾಂ, ತರಕಾರಿ ಒಂದು ಬಟ್ಟಲು, ಎಣ್ಣೆ ಒಂದು ಚಮಚ. ಚೀಸ್, ಕ್ರೀಮ್ ಬೇಡ.

“ಫೋನಿನ ವಿಡಿಯೋದಲ್ಲಿ ಒಬ್ಬರು ಹೇಳ್ತಿದ್ರು, ಪಾಸ್ತಾ ತಿಂದ್ರೆ ಬಲೂನ್ ಥರ ಊದಿಕೊಳ್ತಾರಂತೆ,” ಎಂದಳು ಸಾಸಿವೆ.

“ನಾನೂ ಅದನ್ನೇ ಕೇಳಿದೆ. ಅದಕ್ಕೆ ನರ್ಸು, ‘ನಿಮಗೆ ಇಷ್ಟ ಇರೋದನ್ನ ಪೂರ್ತಿ ಬಿಡಿಸಿದ್ರೆ ನಾಲ್ಕೇ ದಿನಕ್ಕೆ ಡಯಟ್ ಬಿಟ್ಟು ಓಡ್ತೀರ. ತಿನ್ನಿ. ಆದ್ರೆ ಅಳತೆ ಮೀರಬೇಡಿ’ ಅಂದ್ರು.”

“ಹಾಗಾದ್ರೆ ಅಳತೆ ನಾನು ನೋಡ್ಕೋತೀನಿ!” ಸಾಸಿವೆ ಅಡುಗೆಮನೆಯ ಪುಟ್ಟ ತಕ್ಕಡಿಯನ್ನು ಎದೆಗೆ ಅವುಚಿಕೊಂಡಳು. “ಎಂಬತ್ತು ಅಂದ್ರೆ ಎಂಬತ್ತು. ಎಂಬತ್ತೊಂದಕ್ಕೆ ಬಿಡಲ್ಲ.”

ಸಾಸಿವೆಯ ನಿಜವಾದ ಹೆಸರು ಶಾಲೆಯ ಹಾಜರಿ ಪುಸ್ತಕ ಬಿಟ್ಟರೆ ಬೇರೆಲ್ಲೂ ಕೇಳಿಸುತ್ತಿರಲಿಲ್ಲ. ಇಷ್ಟೇ ಇಷ್ಟು ಗಾತ್ರ, ಬಿಸಿ ತಾಗಿದರೆ ಚಟಪಟ. ಅದಕ್ಕೇ ಅಪ್ಪ ಆ ಹೆಸರಿಟ್ಟಿದ್ದ. ಅಮ್ಮ ಹಾಗಲ್ಲ. ಎತ್ತರದ ದೊಡ್ಡ ಆಳು, ಮಾತು ಕಡಿಮೆ. ದೊಡ್ಡ ದೊಡ್ಡ ಕಟ್ಟಡ ಕಟ್ಟುವಾಗ ಆಕಾಶಕ್ಕೆ ತಲೆ ಎತ್ತಿ ನಿಲ್ಲುತ್ತದಲ್ಲ, ಕ್ರೇನು, ಅದರ ತುದಿಯ ಗಾಜಿನ ಗೂಡಿನಲ್ಲಿ ಕೂತು ಅದನ್ನು ನಡೆಸುವುದು ಅವಳ ಕೆಲಸ. ಅಲ್ಲಿನವರಿಗೆಲ್ಲ ಅವಳು ‘ಕ್ರೇನಮ್ಮ’.

ಕ್ರೇನಮ್ಮನಿಗೆ ಈಗ ಒಂದು ಕಷ್ಟ ಬಂದಿತ್ತು. ಮುಂದಿನ ತಿಂಗಳಿನಿಂದ ಏಣಿ ಹತ್ತುವವರಿಗೆಲ್ಲ ಹೊಸ ಸೇಫ್ಟಿ ಬೆಲ್ಟು. ಆ ಬೆಲ್ಟು ತಡೆಯುವುದು ನೂರು ಕಿಲೋ ಮಾತ್ರ. ಬೂಟು, ಹೆಲ್ಮೆಟ್ಟು ಸೇರಿ ಅಮ್ಮ ನೂರ ನಾಲ್ಕು ಕಿಲೋ! ಐದು ವಾರದಲ್ಲಿ ನಾಲ್ಕು ಕಿಲೋ ಇಳಿಯದಿದ್ದರೆ ಮೇಲಿನ ಗೂಡಿಗೆ ಬೇರೆಯವರು ಹೋಗುತ್ತಾರೆ, ಅಮ್ಮ ಕೆಳಗೆ ನಿಂತು ಬಾವುಟ ತೋರಿಸಬೇಕು.

“ಒಂಬತ್ತು ವರ್ಷದಿಂದ ಕೂತಿರೋ ಸೀಟು ಕಣೇ ಅದು,” ಎಂದು ಅಮ್ಮ ಒಂದೇ ಒಂದು ಸಲ ಹೇಳಿದ್ದಳು. ಹೇಳಿ ಮುಖ ಆಚೆ ತಿರುಗಿಸಿಕೊಂಡಿದ್ದಳು. ಸಾಸಿವೆಗೆ ಅಷ್ಟೇ ಸಾಕಾಗಿತ್ತು.

ಅಪ್ಪ ಒಂದು ಕಾರ್ಖಾನೆಯ ಕ್ಯಾಂಟೀನಿನಲ್ಲಿ ಅಡುಗೆಯವನು. ದಿನಾ ನಾನೂರು ಜನರ ಊಟ. ಅಲ್ಲಿ ಪಾಸ್ತಾ ಬೇಯಿಸಿ, ನೀರು ಬಸಿದು, ಮೊದಲನೇ ತಟ್ಟೆಯನ್ನು ತಕ್ಕಡಿಯ ಮೇಲಿಟ್ಟು ತೂಗುತ್ತಾರೆ. ಆಮೇಲೆ ಅದೇ ಅಳತೆಗೆ ಸೌಟು ಆಡುತ್ತದೆ. ಮನೆಯಲ್ಲೂ ಅಪ್ಪ ಹಾಗೆಯೇ ಮಾಡಿದ. ಪಾಸ್ತಾ ಬೇಯಿಸಿದ, ಬಸಿದ, ಅಮ್ಮನ ತಟ್ಟೆಯನ್ನು ತಕ್ಕಡಿಯ ಮೇಲಿಟ್ಟ.

ಸಾಸಿವೆ ಸ್ಟೂಲಿನ ಮೇಲೆ ಮಂಡಿಯೂರಿ ಅಂಕಿಗಳನ್ನೇ ದುರುಗುಟ್ಟಿ ನೋಡಿದಳು. ಎಪ್ಪತ್ತೊಂದು... ಎಪ್ಪತ್ತೆಂಟು... ಎಂಬತ್ತೆರಡು.

“ಸ್ಟಾಪ್!”

ಫೋರ್ಕಿನಿಂದ ಒಂದು ಕೊಳವೆ ಪಾಸ್ತಾ ಎತ್ತಿ ತನ್ನ ಬಾಯಿಗೆ ಹಾಕಿಕೊಂಡಳು. ಎಂಬತ್ತು. ಕಾಳನ್ನೂ ಬೇಯಿಸಿ ಹಾಗೆಯೇ ತೂಗಿದಳು. ಐವತ್ತು. ಎರಡೂ ಸೇರಿ ಒಂದೂವರೆ ಸೌಟೂ ಆಗಲಿಲ್ಲ.

ಅಮ್ಮ ತಟ್ಟೆ ನೋಡಿದಳು. “ಇಷ್ಟೇನಾ?”

“ಇಷ್ಟೇ. ರೂಲ್ಸ್ ಅಂದ್ರೆ ರೂಲ್ಸ್,” ಎಂದಳು ಸಾಸಿವೆ, ಕಡ್ಡಿ ಮುರಿದ ಹಾಗೆ.

ಅಪ್ಪ ನಕ್ಕ. “ನಮ್ಮ ಕ್ಯಾಂಟೀನಿಗೆ ಇವಳಂಥ ಸೂಪರ್‌ವೈಸರ್ ಬಂದ್ರೆ ನಾನೂರು ಜನಾನೂ ಕೆಲಸ ಬಿಟ್ಟು ಹೋಗ್ತಾರೆ.”

ಅಮ್ಮನೂ ನಕ್ಕಳು. ಐದು ತುತ್ತಿಗೆ ತಟ್ಟೆ ಖಾಲಿ. ಮಾರನೇ ದಿನದಿಂದ ಅವಳ ಮಧ್ಯಾಹ್ನದ ಡಬ್ಬಿಗೂ ಬೆಳಿಗ್ಗೆಯೇ ಇದೇ ಅಳತೆ.

ಪ್ರತಿ ಭಾನುವಾರ ಬೆಳಿಗ್ಗೆ ತೂಕ ನೋಡುವ ಕಾರ್ಯಕ್ರಮ. ಅಮ್ಮ ನೈಟಿಯ ಮೇಲೆ ಹೆಲ್ಮೆಟ್ಟು ಹಾಕಿ, ಬರಿಗಾಲಿಗೆ ದಪ್ಪ ಬೂಟು ತೊಟ್ಟು ಹಾಲ್‌ನಲ್ಲಿ ತೂಕದ ಯಂತ್ರದ ಮೇಲೆ ನಿಲ್ಲುವಳು. ಆ ವೇಷ ನೋಡಿ ಅಪ್ಪನಿಗೆ ನಗು ತಡೆಯಲಾಗದೆ ಕಾಫಿ ನೆತ್ತಿಗೇರುತ್ತಿತ್ತು. ಸಾಸಿವೆ ಮಾತ್ರ ನಗುತ್ತಿರಲಿಲ್ಲ. ಬಗ್ಗಿ ಅಂಕಿ ಓದಿ ಕ್ಯಾಲೆಂಡರಿನಲ್ಲಿ ಕೆಂಪು ಪೆನ್ನಿನಿಂದ ಬರೆಯುತ್ತಿದ್ದಳು. ಮೊದಲ ವಾರ ನೂರ ಎರಡೂವರೆ. ಎರಡನೇ ವಾರ ನೂರ ಒಂದು ಕಾಲು!

“ನೋಡಿದ್ಯಾ? ಎಲ್ಲ ನನ್ನಿಂದ!” ಎಂದು ಸಾಸಿವೆ ಹಾಲ್ ತುಂಬ ಕುಣಿದಳು. ಅಮ್ಮ ಗೋಡೆ ಹಿಡಿದುಕೊಂಡು ನಿಧಾನವಾಗಿ ಯಂತ್ರದಿಂದ ಇಳಿದಳು.

ಆ ದಿನಗಳಲ್ಲಿ ಅಮ್ಮ ಸ್ವಲ್ಪ ಬೇರೆಯೇ ಆಗಿದ್ದಳು. ಕೆಲಸದಿಂದ ಬಂದವಳೇ ಬೂಟು ಬಿಚ್ಚದೆ ಸೋಫಾದ ಮೇಲೆ ಒರಗುತ್ತಿದ್ದಳು. ಹೋಮ್‌ವರ್ಕಿನಲ್ಲಿ ಏನಾದರೂ ಕೇಳಿದರೆ “ಆಮೇಲೆ ಕಣೇ” ಎನ್ನುತ್ತಿದ್ದಳು. ಒಮ್ಮೆ ಬಿಸ್ಕತ್ತಿನ ಡಬ್ಬಿಗೆ ಕೈ ಹಾಕಿದ್ದಾಗ ಸಾಸಿವೆ ಹಿಂದಿನಿಂದ ಬಂದು “ಸಿಕ್ಕಿಬಿದ್ದೆ!” ಎಂದು ಕೂಗಿದಳು. ಅಮ್ಮ ಬೆಚ್ಚಿಬಿದ್ದು ಬಿಸ್ಕತ್ತನ್ನು ವಾಪಸ್ಸು ಹಾಕಿದಳು. ಅವಳ ಮುಖ ಇಂಗು ತಿಂದ ಮಂಗನ ಹಾಗಾಗಿತ್ತು. ಸಾಸಿವೆ ಅದನ್ನು ಶಾಲೆಯಲ್ಲಿ ಎಲ್ಲರಿಗೂ ಹೇಳಿ ನಗಿಸಿದಳು.

ಮೂರನೇ ವಾರದ ಬುಧವಾರ. ಗಣಿತದ ಪಿರಿಯಡ್ಡು. ಕಿಟಕಿಯ ಪಕ್ಕದ ಬೆಂಚು ಸಾಸಿವೆಯದು. ಅಲ್ಲಿಂದ ರಸ್ತೆಯಾಚೆಯ ಹಳದಿ ಕ್ರೇನು ಪೂರ್ತಿ ಕಾಣುತ್ತದೆ. ದಿನಾ ಹನ್ನೆರಡೂವರೆಗೆ ಅದರ ತುದಿಯಿಂದ ಒಂದು ಕಿತ್ತಳೆ ಚುಕ್ಕೆ ಏಣಿ ಇಳಿದು ಊಟಕ್ಕೆ ಬರುತ್ತದೆ. ಅದೇ ಅಮ್ಮನ ಜಾಕೆಟ್ಟು. ನಿಂತು ದಣಿವಾರಿಸಿಕೊಳ್ಳಲು ಏಣಿಗೆ ಎಂಟು ಕಡೆ ಕಬ್ಬಿಣದ ಕಟ್ಟೆಗಳಿವೆ. ಸಾಸಿವೆ ಲೆಕ್ಕ ಬಿಟ್ಟು ಆ ಕಟ್ಟೆಗಳನ್ನು ಎಣಿಸುವುದೂ ದಿನದ ರೂಢಿ.

ಒಂದು. ಎರಡು. ಮೂರು.

ಮೂರನೆಯ ಕಟ್ಟೆಯಲ್ಲಿ ಚುಕ್ಕೆ ನಿಂತಿತು.

ಸುಸ್ತಾಗಿರಬೇಕು ಅಂದುಕೊಂಡಳು ಸಾಸಿವೆ. ಬೋರ್ಡಿನ ಮೇಲಿನ ಲೆಕ್ಕ ಬರೆದುಕೊಂಡು ಮತ್ತೆ ನೋಡಿದಳು. ಚುಕ್ಕೆ ಅಲ್ಲೇ ಇತ್ತು. ಅದು ಚಿಕ್ಕದಾಗಿತ್ತು. ಅಮ್ಮ ಕುಸಿದು ಕೂತಿದ್ದಳು! ಒಂದು ಕಾಲು ಕಟ್ಟೆಯಿಂದ ಕೆಳಕ್ಕೆ ಜೋತಾಡುತ್ತಿತ್ತು.

ಸಾಸಿವೆ ಕಿಟಕಿಯ ಸರಳನ್ನು ಹಿಡಿದುಕೊಂಡಳು.

ಪಕ್ಕದಲ್ಲಿದ್ದ ಗೆಳತಿ, ಎಲ್ಲರೂ ‘ಕನ್ನಡಕ’ ಎಂದು ಕರೆಯುವವಳು, ಅವಳ ತೋಳು ಹಿಡಿದಳು. “ಏಯ್, ಅದು ನಿಮ್ಮಮ್ಮ ಅಲ್ವಾ? ಯಾಕೆ ಹಾಗೆ ಕೂತಿದ್ದಾರೆ?”

ಚಟಪಟ ಎನ್ನುವ ಹುಡುಗಿ ಕಲ್ಲಿನ ಹಾಗೆ ಕೂತಿದ್ದು ನೋಡಿ ಮಿಸ್ ಕಿಟಕಿಯ ಹತ್ತಿರ ಬಂದರು. ನೋಡಿದವರೇ ಬಾಯಿಗೆ ಕೈ ಅಡ್ಡ ಹಿಡಿದರು. ಇಡೀ ಕ್ಲಾಸು ಎದ್ದು ಕಿಟಕಿಗೆ ಮುತ್ತಿತು. ಎರಡು ಬಿಳಿ ಹೆಲ್ಮೆಟ್ಟುಗಳು ಸರಸರನೆ ಏಣಿ ಹತ್ತಿದವು. ಅಮ್ಮನ ಬಳಿ ತಲುಪಿ ಹಗ್ಗ ಕಟ್ಟಿದವು. ಮೂವರೂ ಒಂದೊಂದೇ ಮೆಟ್ಟಿಲು ಇಳಿಯತೊಡಗಿದರು. ನಾಲ್ಕು. ಐದು. ಎಣಿಸಲೂ ಭಯವಾಗಿ ಸಾಸಿವೆ ಕಣ್ಣು ಮುಚ್ಚಿಕೊಂಡಳು.

“ಇಳಿದ್ರು ಕಣೇ, ಇಳಿದ್ರು!” ಎಂದು ಕನ್ನಡಕ ಕೂಗಿದಾಗಲೇ ಕಣ್ಣು ಬಿಟ್ಟಿದ್ದು.

ಮಿಸ್ ಅವಳ ಕೈ ಹಿಡಿದು ರಸ್ತೆ ದಾಟಿಸಿದರು. ಗೇಟಿನ ವಾಚ್‌ಮನ್ ಹೆಲ್ಮೆಟ್ಟಿಲ್ಲದೆ ಒಳಗೆ ಬಿಡುವುದಿಲ್ಲ ಎಂದು ತನ್ನದನ್ನೇ ಅವಳ ತಲೆಗಿಟ್ಟ. ಅದು ಮೂಗಿನ ತನಕ ಇಳಿಯಿತು. ಸಾಸಿವೆ ಅದನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದುಕೊಂಡೇ ನರ್ಸಿನ ಕೋಣೆಗೆ ಓಡಿದಳು.

ಅಮ್ಮ ಕಿರಿದಾದ ಮಂಚದ ಮೇಲೆ ಮಲಗಿದ್ದಳು. ಮುಖ ಸುಣ್ಣ ಬಳಿದಂತೆ ಬೆಳ್ಳಗಿತ್ತು. ಕೈಯಲ್ಲಿ ಸಕ್ಕರೆ ನೀರಿನ ಲೋಟ.

“ಏನಿಲ್ಲ ಕಣೇ. ಸ್ವಲ್ಪ ಕಣ್ಣು ಕತ್ತಲೆ ಬಂತು, ಅಷ್ಟೇ,” ಎಂದಳು.

ಅಪ್ಪನೂ ಏದುಸಿರು ಬಿಡುತ್ತಾ ಬಂದ. ಏಪ್ರನ್ನನ್ನೂ ಬಿಚ್ಚಿರಲಿಲ್ಲ.

ಗಟ್ಟಿ ದನಿಯ ನರ್ಸ್ ಆಂಟಿ ಅಮ್ಮನ ಕೈಗೆ ಕಟ್ಟಿದ್ದ ಬಿಪಿ ಪಟ್ಟಿ ಬಿಚ್ಚುತ್ತಾ ಕೇಳಿದರು: “ಎರಡೂವರೆ ವಾರಕ್ಕೆ ಮೂರು ಕಿಲೋ ಇಳಿದಿದ್ದೀರ. ನಾನು ಹೇಳಿದ್ದು ವಾರಕ್ಕೆ ಮುಕ್ಕಾಲು ಕಿಲೋ ಅಂತ. ಊಟ ಬಿಡ್ತಿದ್ದೀರಾ?”

“ಇಲ್ಲಪ್ಪ. ನೀವು ಬರೆದಿರೋ ಹಾಗೇ ತಿಂತಿದ್ದೀನಿ.”

“ಹೌದು ಆಂಟಿ!” ಸಾಸಿವೆಗೆ ಈಗ ಮಾತು ಬಂತು. “ಸರಿಯಾಗಿ ಎಂಬತ್ತು ಗ್ರಾಂ. ನಾನೇ ತೂಗೋದು. ಒಂದೂ ಜಾಸ್ತಿ ಹಾಕಿಲ್ಲ. ಬಸಿದು, ತಟ್ಟೆಗೆ ಹಾಕಿ, ತಕ್ಕಡಿ ಮೇಲಿಟ್ಟು...”

ನರ್ಸ್ ಆಂಟಿಯ ಕೈ ಅಲ್ಲೇ ನಿಂತಿತು. “ಬಸಿದು? ಬೇಯಿಸಿದ ಮೇಲೆ ತೂಗ್ತೀಯಾ?”

“ಹೂಂ. ಮತ್ತೆ?”

“ಕಾಳು?”

“ಅದೂ ಬೇಯಿಸಿದ ಮೇಲೇ.”

ನರ್ಸ್ ಆಂಟಿ ಸ್ಟೂಲಿನ ಮೇಲೆ ದೊಪ್ಪನೆ ಕೂತರು. “ಅಯ್ಯೋ ದೇವರೇ! ಅದು ಒಣ ಪಾಸ್ತಾದ ತೂಕ ಕಣಮ್ಮಾ! ಪ್ಯಾಕೆಟ್ಟಿಂದ ತೆಗೆದ ಹಾಗೇ ತೂಗಬೇಕು. ಬೆಂದ ಮೇಲೆ ನೀರು ಕುಡಿದು ಅದೇ ಎಂಬತ್ತು ನೂರ ಎಂಬತ್ತು ಆಗುತ್ತೆ. ನೀವು ಇವರಿಗೆ ಅರ್ಧ ಊಟಾನೂ ಕೊಟ್ಟಿಲ್ಲ!”



ಅಪ್ಪ ಪಟ್ಟನೆ ಹಣೆ ಚಚ್ಚಿಕೊಂಡ. “ಹತ್ತು ಕಿಲೋ ಹಂಡೆಗೆ ಸುರಿದ್ರೆ ಇಪ್ಪತ್ತು ಕಿಲೋ ಮೇಲೆ ಬರುತ್ತೆ. ದಿನಾ ನನ್ನ ಕೈಯಲ್ಲೇ ಬೇಯೋದು! ನನಗೆ ಹೊಳೀಲೇ ಇಲ್ವಲ್ಲ! ತಟ್ಟೆ ತೂಗಿ ತೂಗಿ ಅದೇ ಅಭ್ಯಾಸ ಆಗಿಹೋಗಿದೆ.”

“ಒಣಗಿದ್ದು ಅಂತ ನಾನೂ ಬರೀಲಿಲ್ಲ,” ಎಂದು ನರ್ಸ್ ಆಂಟಿ ನಾಲಿಗೆ ಕಚ್ಚಿಕೊಂಡರು. ಆಮೇಲೆ ಅಮ್ಮನ ಕಡೆ ತಿರುಗಿ ಕಣ್ಣು ಕೆಂಪಗೆ ಮಾಡಿದರು. “ಆದ್ರೆ ನೀವು! ಹಸಿದುಕೊಂಡು ಅಷ್ಟೆತ್ತರ ಹತ್ತಿ ಇಳೀತಿದ್ರಾ? ಒಂದು ಮಾತು ಬಂದು ಹೇಳಬಾರದಾ? ಈ ವಾರ ಏಣಿ ಕಡೆ ಮುಖ ಹಾಕಬೇಡಿ.”

ಅಮ್ಮ ಲೋಟದೊಳಗೆ ನೋಡುತ್ತಾ, “ಡಯಟ್ ಅಂದ್ರೆ ಹೀಗೇ ಇರುತ್ತೇನೋ ಅಂದ್ಕೊಂಡೆ,” ಎಂದಳು.

ಅಂದು ಸಂಜೆ ಅಪ್ಪ ಒಣ ಪಾಸ್ತಾವನ್ನು ತಕ್ಕಡಿಗೆ ಸುರಿದ. ಎಂಬತ್ತು ಗ್ರಾಂ ಎಂದರೆ ಒಂದು ದೊಡ್ಡ ಹಿಡಿ. ಅದು ಬೆಂದು, ಬಸಿದು ಅಮ್ಮನ ತಟ್ಟೆಗೆ ಬಿದ್ದಿತು. ಕಾಳು ಬಿತ್ತು. ತರಕಾರಿ ಬಿತ್ತು. ತಟ್ಟೆ ಅಂಚಿನ ತನಕ ತುಂಬಿಕೊಂಡಿತು.

ಸಾಸಿವೆ ಬಿಟ್ಟ ಬಾಯಿ ಬಿಟ್ಟ ಹಾಗೇ ನಿಂತಳು. ಇಷ್ಟು! ಅಮ್ಮನಿಗೆ ಸಿಗಬೇಕಾಗಿದ್ದು ಇಷ್ಟು! ಅವಳು ಕೊಟ್ಟಿದ್ದು ಈ ತಟ್ಟೆಯ ಒಂದು ಮೂಲೆ. ಸುಮ್ಮನಿರಲಾರದೆ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಹದಿನೇಳು ದಿನ, ದಿನಕ್ಕೆ ಎರಡು ಹೊತ್ತು. ಮೂವತ್ತನಾಲ್ಕು ತಟ್ಟೆ. ಮೂವತ್ತನಾಲ್ಕು ಸಲ ಅಮ್ಮ ಅರ್ಧ ಹೊಟ್ಟೆಯಲ್ಲಿ ಎದ್ದಿದ್ದಾಳೆ.

ಅಮ್ಮ ತಿನ್ನತೊಡಗಿದಳು. ಮೊದಲು ನಿಧಾನವಾಗಿ, ಆಮೇಲೆ ಬೇಗ ಬೇಗ, ತಲೆ ಎತ್ತದೆ. ದೊಡ್ಡವರು ಹಾಗೆ ತಿನ್ನುವುದನ್ನು ಸಾಸಿವೆ ಎಂದೂ ನೋಡಿರಲಿಲ್ಲ. ಅವಳು ಜೋರಾಗಿ ಅತ್ತುಬಿಟ್ಟಳು.

“ಅಯ್ಯೋ, ಯಾಕೇ? ನಿನ್ನ ತಪ್ಪೇನಿಲ್ಲ,” ಎಂದು ಅಮ್ಮ ಎಡಗೈಯಿಂದ ಅವಳನ್ನು ಹತ್ತಿರ ಎಳೆದುಕೊಂಡಳು.

“ನೀನು ಯಾಕೆ ಹೇಳಲಿಲ್ಲ? ಹಸಿವಾಗುತ್ತೆ ಅಂತ ಒಂದು ದಿನ ಹೇಳಿದ್ರೆ ಆಗ್ತಿತ್ತಲ್ಲ?”

ಅಮ್ಮ ಫೋರ್ಕನ್ನು ಕೆಳಗಿಟ್ಟಳು. “ಹೇಳಿದ್ರೆ ನೀನು ಕೇಳ್ತಿದ್ದೆಯಾ?”

ಕೋಪದಿಂದ ಕೇಳಿದ್ದಲ್ಲ ಅದು. ಆದರೂ ಸಾಸಿವೆಗೆ ಕಪಾಳಕ್ಕೆ ಬಿದ್ದಂತಾಯಿತು. ಅಳು ಕೂಡ ನಿಂತುಹೋಯಿತು.

ಸರಿಯಾದ ಊಟ ಶುರುವಾಗಿ ನಾಲ್ಕು ದಿನಕ್ಕೆ ಅಮ್ಮನ ಮುಖಕ್ಕೆ ಕಳೆ ಬಂತು. ಹೋಮ್‌ವರ್ಕ್ ಹೇಳಿಕೊಟ್ಟಳು. ಅಪ್ಪನ ಜೊತೆ ಜಗಳವನ್ನೂ ಆಡಿದಳು. ಆದರೆ ಭಾನುವಾರ ತೂಕದ ಯಂತ್ರ ನೂರ ಒಂದು ಮುಕ್ಕಾಲು ತೋರಿಸಿತು. ಏರಿಬಿಟ್ಟಿತ್ತು! ಸಾಸಿವೆ ಫೋನ್ ತರಲು ಓಡಿದಳು.

“ಖಾಲಿ ಹೊಟ್ಟೆ ತುಂಬಿದ್ಮೇಲೆ ಸ್ವಲ್ಪ ಏರೋದೇ. ಮತ್ತೆ ಇಳಿಯುತ್ತೆ, ನಿಧಾನಕ್ಕೆ,” ಎಂದು ನರ್ಸ್ ಆಂಟಿ ಫೋನಿನಲ್ಲೇ ಧೈರ್ಯ ಹೇಳಿದರು. ನಿಧಾನಕ್ಕೆ ಎಂದರೆ ಸಾಲದಲ್ಲ? ಬೆಲ್ಟಿನ ದಿನಕ್ಕೆ ಎರಡೇ ವಾರ ಉಳಿದಿತ್ತು.

ಆ ದಿನ ಬಂದೇ ಬಂತು. ಶನಿವಾರ. ಶಾಲೆಗೆ ರಜೆ. ಅಪ್ಪನ ಕ್ಯಾಂಟೀನಿಗೆ ರಜೆ ಇರಲಿಲ್ಲವಾದ್ದರಿಂದ ಅಮ್ಮನ ಊಟದ ಡಬ್ಬಿಯನ್ನು ಸಾಸಿವೆಯೇ ಹೊತ್ತು ಬಂದಳು. ನರ್ಸ್ ಆಂಟಿಯ ಕೋಣೆಯ ಮೂಲೆಯಲ್ಲಿ ಹೊಸ ಬೆಲ್ಟುಗಳು ರಾಶಿ ಬಿದ್ದಿದ್ದವು. ಅಮ್ಮ ಬೂಟು, ಹೆಲ್ಮೆಟ್ಟು ಹಾಕಿಕೊಂಡು ದೊಡ್ಡ ತೂಕದ ಯಂತ್ರವನ್ನು ಹತ್ತಿದಳು. ಮೀಸೆಯ ಮೇಸ್ತ್ರಿ ಬಗ್ಗಿ ನೋಡಿದ.

“ನೂರು... ನೂರರ ಮೇಲೆ ಆರುನೂರು ಗ್ರಾಂ.”

ಬಾಗಿಲಲ್ಲಿ ನಿಂತಿದ್ದ ಸಾಸಿವೆ ಡಬ್ಬಿಯನ್ನು ಎದೆಗೊತ್ತಿಕೊಂಡಳು. ಆರುನೂರು ಗ್ರಾಂ! ಅಷ್ಟಕ್ಕೋಸ್ಕರ!

ಅಮ್ಮ ಯಂತ್ರದಿಂದ ಇಳಿದು ಕಿಟಕಿಯಾಚೆ ನೋಡಿದಳು. ಮೇಲೆ, ಗಾಜಿನ ಗೂಡು ಬಿಸಿಲಿಗೆ ಹೊಳೆಯುತ್ತಿತ್ತು. ಅವಳ ಕಣ್ಣು ತುಂಬಿತ್ತು.

ಮೇಸ್ತ್ರಿಗೆ ಕನಿಕರವಾಯಿತು. “ಆರುನೂರು ಗ್ರಾಂ ತಾನೇ ಕ್ರೇನಮ್ಮಾ? ಒಂದು ಕೆಲಸ ಮಾಡಿ. ಇವತ್ತು ಊಟ ಬಿಟ್ಟುಬಿಡಿ. ನೀರೂ ಕುಡೀಬೇಡಿ. ಸಂಜೆ ಇನ್ನೊಂದು ಸಲ ತೂಗೋಣ. ಸೋಮವಾರ ಆರಾಮಾಗಿ ಮೇಲೆ ಹೋಗಬಹುದು.”

ಅಮ್ಮ ತಟ್ಟನೆ ಇತ್ತ ತಿರುಗಿದಳು. “ಹೌದಲ್ವಾ? ಒಂದೇ ಹೊತ್ತು. ನನಗೇನೂ ಆಗಲ್ಲ.”

ನರ್ಸ್ ಆಂಟಿ ಬಾಯಿ ತೆರೆದರು. ಆದರೆ ಮಾತು ಬಂದದ್ದು ಬಾಗಿಲ ಕಡೆಯಿಂದ.

“ಬೇಡ.”

ಮೂವರೂ ತಿರುಗಿ ನೋಡಿದರು. ಅದು ತನ್ನದೇ ದನಿ ಎಂದು ನಂಬಲು ಸಾಸಿವೆಗೂ ಒಂದು ಕ್ಷಣ ಹಿಡಿಯಿತು. ಸೋಮವಾರ ಕ್ಲಾಸಿನ ಕಿಟಕಿಯಿಂದ ನೋಡಿದರೆ ಏಣಿಯ ಮೇಲೆ ಬೇರೆ ಯಾರೋ ಇರುತ್ತಾರೆ. ಅಮ್ಮ ಕೆಳಗೆಲ್ಲೋ ಬಾವುಟ ಹಿಡಿದು ನಿಂತಿರುತ್ತಾಳೆ, ಕಾಣುವುದೂ ಇಲ್ಲ. ಆದರೂ ಬೇಡ.

“ಬರೀ ಆರುನೂರು ಗ್ರಾಂ ಕಣೇ,” ಎಂದಳು ಅಮ್ಮ, ಚಿಕ್ಕ ಹುಡುಗಿ ಕೇಳಿದ ಹಾಗೆ. “ನೀನೇ ಅಲ್ವಾ ರೂಲ್ಸ್ ಅಂತಿದ್ದವಳು?”

ಸಾಸಿವೆ ಡಬ್ಬಿ ಹಿಡಿದುಕೊಂಡು ಅಮ್ಮನ ಹತ್ತಿರ ಬಂದಳು. ಐದು ವಾರದಲ್ಲಿ ಎಷ್ಟೋ ಸಲ ‘ಎಷ್ಟಿದೆ, ಎಷ್ಟಿದೆ’ ಎಂದು ಕೇಳಿದ್ದಳು. ಈಗ ಬಾಯಿಗೆ ಬಂದ ಪ್ರಶ್ನೆಯನ್ನು ಒಂದು ಸಲವೂ ಕೇಳಿರಲಿಲ್ಲ.

“ಅಮ್ಮಾ, ನಿಜ ಹೇಳು. ಈಗ ನಿನಗೆ ಹಸಿವಾಗ್ತಿದೆಯಾ?”

ಅಮ್ಮ ಮೇಸ್ತ್ರಿಯನ್ನು ನೋಡಿದಳು. ನರ್ಸನ್ನು ನೋಡಿದಳು. ಏನಿಲ್ಲ ಎಂದು ಹೇಳಲು ಹೊರಟವಳು, ಮಗಳ ಮುಖ ನೋಡಿ ಮಾತು ಬದಲಿಸಿದಳು.

“ಹೂಂ ಕಣೇ,” ಎಂದಳು ಮೆಲ್ಲಗೆ. “ಹೊಟ್ಟೆ ತಾಳ ಹಾಕ್ತಿದೆ.”

ಸಾಸಿವೆ ಡಬ್ಬಿಯ ಮುಚ್ಚಳ ಬಿಚ್ಚಿ ಅವಳ ಕೈಗಿಟ್ಟಳು. ಪಾಸ್ತಾ ಇನ್ನೂ ಬೆಚ್ಚಗಿತ್ತು. ಅಮ್ಮ ಮಂಚದ ಅಂಚಿನಲ್ಲಿ ಕೂತು ಹೆಲ್ಮೆಟ್ಟು ತೆಗೆದಿಟ್ಟು ತಿನ್ನತೊಡಗಿದಳು. ಮೇಸ್ತ್ರಿ ಮೀಸೆ ತೀಡುತ್ತಾ ಪುಸ್ತಕದಲ್ಲಿ ‘ಒಂದು ವಾರ ಕೆಳಗೆ, ಆಮೇಲೆ ಮತ್ತೆ ತೂಕ’ ಎಂದು ಬರೆದ. ಸಾಸಿವೆ ಆ ಕಡೆ ನೋಡಲಿಲ್ಲ. ಅಮ್ಮ ತಿಂದು ಮುಗಿಸುವ ತನಕ ಅವಳ ಪಕ್ಕದಲ್ಲೇ ಕೂತಿದ್ದಳು.